ಕಿರೀಳು ಒರಗವ್ಳೆ

ಚನ್ನಬಸಮ್ಮ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ಅದೇ ಕತೆ ಹೇಳುತ್ತಿದ್ದಳು. ಬೇರೆ ಕತೆ ಬರುತ್ತಿರಲಿಲ್ಲವೆಂದಲ್ಲ. ರಾಜರು, ಹಾವುಗಳು, ಮಾತಾಡುವ ಕುಂಬಳಕಾಯಿ, ಎಲ್ಲವೂ ಅವಳ ಮಡಿಲಲ್ಲಿ ಕಾಯಿ ಬಿಟ್ಟಂತೆ ಬಿಟ್ಟಿದ್ದವು. ಆದರೆ ರಂಜಿತ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳೆಂದರೆ ಸಾಕು, "ಅಕ್ಕೇರ್ ಕಲ್ಲಿನ್ ಕತೆ ಯೋಳಜ್ಜಿ" ಎನ್ನುವಳು. ಅಜ್ಜಿ ಶುರು ಮಾಡುವಳು.

ಒಂದೂರಲ್ಲಿ ಏಳು ಜನ ಅಕ್ಕತಂಗೇರು. ಒಂದಿನ ಅವರ ಮನೆಯ ಒಲೆ ಆರಿಹೋಯಿತು. ಗುಡ್ಡದಾಚೆ ಊರಿಂದ ಕೆಂಡ ಈಸಿಕೊಂಡು ಬನ್ನಿ ಎಂದು ಅವ್ವ ಏಳೂ ಮಕ್ಕಳನ್ನು ಕಳಿಸಿದಳು. ಗುಡ್ಡದ ನೆತ್ತಿಗೆ ಬರುವಷ್ಟರಲ್ಲಿ ಮಂಜು ಕವಿಯಿತು. ತನ್ನ ಕೈ ತನಗೇ ಕಾಣದಂಥ ಮಂಜು. ಹಿರಿಯಳು ಹೇಳಿದಳು: "ಬೆಳಕರಿಯೋಗಂಟ ಇಲ್ಲೇ ಕುಂತ್ಕಳವ. ಯಾರೂ ಯಾರ್ ಸೆರಗ್ನೂ ಬುಡಬ್ಯಾಡಿ." ಕುಂತರು. ಮಂಜು ಕರಗಲೇ ಇಲ್ಲ. ಕಾದು ಕಾದು ಏಳೂ ಜನ ಕಲ್ಲಾಗಿಬಿಟ್ಟರು.

"ಕಿರೀಳು ಎಲ್ಲಜ್ಜಿ?"

"ಕಿರೀಳಾ? ಪಾಪ, ಕೂಸು. ಅವಳ್ಗೆ ಕಣ್ಣೆಳೀತಿತ್ತು. ಕಿರೀಳು ಒರಗವ್ಳೆ." ಎಣ್ಣೆಯ ಕೈ ಹಣೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. "ನೀನೂ ಅಂಗೇ ಕಣಮ್ಮಿ."

ಅಜ್ಜಿಯ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಳ್ಳಿ ಅಳ್ಳಿಯಾಗುತ್ತಿತ್ತು, ಹೊಲ ಒಲವಾಗುತ್ತಿತ್ತು, ಹಾಲು ಆಲಾಗುತ್ತಿತ್ತು. ಶಾಲೆಯ ಕನ್ನಡ ಮೇಷ್ಟ್ರಿಗೆ ಅದನ್ನು ಕಂಡರಾಗದು. "ಅಳ್ಳಿ ಅಲ್ಲ, ಹಳ್ಳಿ! ಹೊಟ್ಟೆಯಿಂದ ಉಸಿರು ತೆಗಿ, ಹ!" ಎಂದು ಇಡೀ ತರಗತಿಯನ್ನು ನಾಯಿ ಏದುಸಿರು ಬಿಟ್ಟಂತೆ ಬಿಡಿಸುತ್ತಿದ್ದರು. ರಂಜಿತ ಜಾಣೆ. ಅಂದಿನಿಂದ ಅಜ್ಜಿ ದಾರಿಯುದ್ದಕ್ಕೂ ಉದುರಿಸಿಕೊಂಡು ಹೋಗುವ ಹಕಾರಗಳನ್ನು ಇವಳು ಹಿಂದಿನಿಂದ ಆಯ್ದುಕೊಂಡು, ಮನಸ್ಸಿನಲ್ಲೇ ಅವುಗಳ ಜಾಗದಲ್ಲಿ ಕೂರಿಸುತ್ತ ಬಂದಳು. ಒಲ, ಹೊಲ. ಆಲು, ಹಾಲು. ಒರಗವ್ಳೆ, ಹೊರಗಿದ್ದಾಳೆ.

ಕಿರಿಯಳು ಹೊರಗಿದ್ದಾಳೆ. ನೀನೂ ಹಾಗೇ.

ಅದು ಸುಳ್ಳೇನೂ ಆಗಿರಲಿಲ್ಲ. ಮನೆಯ ಅಂಗಳದಲ್ಲಿ ನಿಂತರೆ ಕಣಿವೆಯಾಚೆ ಅಕ್ಕೇರ ಕಲ್ಲು ಎದುರಿಗೇ ಕಾಣುತ್ತಿತ್ತು. ಮನೆಗಾತ್ರದ ಆರು ಬಂಡೆಗಳು ಭುಜಕ್ಕೆ ಭುಜ ತಾಗಿಸಿ ಕೂತಿದ್ದವು. ಅವುಗಳಿಂದ ಅಷ್ಟು ದೂರದಲ್ಲಿ, ಗುಡ್ಡದ ಬೆನ್ನು ಇಳಿಯುವ ಕಡೆ, ಒಂದೇ ಒಂದು ಸಣ್ಣ ಬಂಡೆ. ನಡುವೆ ಬರೀ ಆಕಾಶ. ಆರು ಮತ್ತೊಂದು ಏಳು. ರಂಜಿತಳಿಗೆ ಲೆಕ್ಕ ಸರಿಹೋಗಿತ್ತು. ಅವಳೂ ಮೂರನೆಯ ಹೆಣ್ಣಾಗಿ ಹುಟ್ಟಿ, "ನಡೆಯೋಗಂಟ ಇಟ್ಕಂಡಿರವ್ವ" ಎಂದು ಅವ್ವ ಬಿಟ್ಟುಹೋದಾಗ ಅಜ್ಜಿಯ ಮನೆ ಸೇರಿದವಳು. ನಡೆದಳು, ಶಾಲೆಗೆ ಹೋದಳು, ದೊಡ್ಡವಳಾದಳು, ಯಾರೂ ಕರೆದುಕೊಂಡು ಹೋಗಲಿಲ್ಲ. ಚಾಮರಾಜನಗರದಲ್ಲಿ ಅಕ್ಕಂದಿರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆಯುತ್ತಿದ್ದಾಗ ಇವಳು ಅಂಗಳದ ಜಗಲಿಯಲ್ಲಿ ಕೂತು ಆ ಒಂಟಿ ಬಂಡೆಯ ಜೊತೆ ಮಾತಾಡುತ್ತಿದ್ದಳು. ಅಕ್ಕಂದಿರು ಫೋಟೋದಲ್ಲಿದ್ದರು, ಇವಳ ಸಂಬಂಧ ಕಲ್ಲಿನೊಡನೆ.

ಅಜ್ಜಿ ಹೋಗಿ ವರ್ಷ ತುಂಬುತ್ತ ಬಂದಿತ್ತು. ತಮ್ಮವರ ರೂಢಿಯಂತೆ ಹೊಲದ ಮೂಲೆಯಲ್ಲಿ ಕೂತ ಭಂಗಿಯಲ್ಲೇ ಮಣ್ಣು ಮಾಡಿ, ಮೇಲೊಂದು ಬಿಲ್ವದ ಸಸಿ ನೆಟ್ಟಿದ್ದರು. ಗೋಡೆಗೆ ಹಾಕಲು ಅಜ್ಜಿಯ ಪಟ ಒಂದಿತ್ತು, ರೇಷನ್ ಕಾರ್ಡಿನದು, ಕಳ್ಳಿಯನ್ನು ಹಿಡಿದು ತಂದಂತಿತ್ತು. ರಂಜಿತ ಅದನ್ನು ತಿರುಗಿಸಿಟ್ಟು ಮನಸ್ಸಲ್ಲೇ ಒಂದು ತೀರ್ಮಾನಕ್ಕೆ ಬಂದಳು: ಆ ಗೋಡೆಗೆ ಅಕ್ಕೇರ ಕಲ್ಲಿನ ಪಟ ಹಾಕಬೇಕು. ಅದರಲ್ಲಿ ಹೊರಗಿರುವ ಕಿರಿಯಳು ಚೆನ್ನಾಗಿ ಕಾಣಬೇಕು. ಅಜ್ಜಿ ಕೊಟ್ಟ ಕತೆಯಲ್ಲಿ ತನ್ನ ಜಾಗ ಅದೊಂದೇ, ಅದಾದರೂ ಕೈಯಲ್ಲಿರಲಿ.

ತಾಳವಾಡಿಯ ಸ್ಟುಡಿಯೋ ಒಂದರಲ್ಲಿ ಅವಳಿಗೆ ಕೆಲಸ. ತಾಲೂಕಾಫೀಸಿಗೆ ಬಂದವರು "ಸೀಕ್ರ ತೆಗಿಯಮ್ಮ, ಬಸ್ ಓಯ್ತದೆ" ಎಂದು ಕೂತು, ಉಸಿರು ಬಿಗಿಹಿಡಿದು, ಪಾಸ್‌ಪೋರ್ಟ್ ಸೈಜಿನಲ್ಲಿ ಎದ್ದು ಹೋಗುತ್ತಿದ್ದರು. ಯಜಮಾನ ಮಹದೇವಪ್ರಸಾದ್ ಒಮ್ಮೆ ಅಟ್ಟ ಖಾಲಿ ಮಾಡಿಸುವಾಗ ಅವನ ಅಪ್ಪನ ಕಾಲದ ಪೆಟ್ಟಿಗೆ ಕ್ಯಾಮೆರಾ ಸಿಕ್ಕಿತು. ತೇಗದ ಮರ, ಹಿತ್ತಾಳೆಯ ತಿರುಪು, ಹಿಂದೆ ಅಂಗೈಯಗಲದ ಮಸುಕು ಗಾಜು, ನಡುವೆ ಕುಲುಮೆಯ ತಿದಿಯಂತೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಕರಿ ಚರ್ಮ. "ನಿಂಗೆ ಬೇಕಾ? ಇಲ್ದಿದ್ರೆ ಇಲಿ ಸಂಸಾರ ಮಾಡ್ಕತವೆ" ಎಂದ. ಡಬ್ಬಿಯಲ್ಲಿ ಒಂದಷ್ಟು ಹಾಳೆ ಫಿಲಂ ಕೂಡ ಇತ್ತು. ರಂಜಿತ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಳು. ಕರಿಬಟ್ಟೆ ಹೊದ್ದು ಗಾಜು ನೋಡಿದರೆ ಲೋಕವೆಲ್ಲ ತಲೆಕೆಳಗಾಗಿ ತೂಗುವುದು ಅವಳಿಗೆ ಅಜ್ಜಿಯ ಕತೆಗಳಷ್ಟೇ ನಿಜವಾಗಿ ಕಂಡಿತು. ಆದರೆ ಅದರಲ್ಲಿದ್ದ ಲೆನ್ಸಿಗೆ ಮನೆಮುಂದಿನ ಗುಂಪು ಫೋಟೋ ತೆಗೆದೇ ಅಭ್ಯಾಸ. ಕಣಿವೆಯಾಚೆಯ ಕಲ್ಲುಗಳು ಅದಕ್ಕೆ ಎಳ್ಳು ಚೆಲ್ಲಿದಂತೆ. ಉದ್ದನೆಯ ಲೆನ್ಸು ಬೇಕಿತ್ತು.

ಮೈಸೂರಿನಲ್ಲಿ ಹಳೆ ಕ್ಯಾಮೆರಾ ರಿಪೇರಿ ಮಾಡುವ ದಯಾನಂದ್ ಎಂಬವರ ನಂಬರು ಸಿಕ್ಕಿತು.

"ಎಷ್ಟು ದೂರದ್ದು ತೆಗೀಬೇಕು ಮೇಡಂ?"

"ಕಣಿವೆ ಆಚೆ ಒಂದು ಕಲ್ಲು ಸಾರ್."

"ಹತ್ತಿರ ಹೋಗಿ ತೆಗೀರಿ. ಕಾಲಿಗಿಂತ ಒಳ್ಳೆ ಲೆನ್ಸ್ ಇಲ್ಲ."

"ಹೋಗಂಗಿಲ್ಲ ಸಾರ್. ಈಗ ಅದು ಹುಲಿ ಕಾಡು."

"ಹಂಗಾದ್ರೆ ಕ್ಯಾಮೆರಾ ಹುಲಿ ಕೈಲೇ ಕೊಟ್ಟು ಕಳಿಸಿ." ಅವರೇ ನಕ್ಕು ಮುಗಿಸಿ ಕೇಳಿದರು, "ನಿಮ್ಮ ಕ್ಯಾಮೆರಾ ತಿದಿ ಪೂರ್ತಿ ಎಳೆದ್ರೆ ಎಷ್ಟುದ್ದ ಬರ್ತದೆ?"

ರಂಜಿತ ಎಳೆದು ಕೈ ಇಟ್ಟು ನೋಡಿದಳು. "ಒಂದು ಗೇಣು, ಮೇಲೆ ನಾಲ್ಕು ಬೆರಳು."

"ಯಾರ ಗೇಣಮ್ಮ? ನಿಮ್ಮ ಕೈ ನಾನು ನೋಡಿಲ್ವಲ್ಲ!"

ಶಾಲೆಯ ಮೂವತ್ತು ಸೆಂಟಿಮೀಟರಿನ ಸ್ಕೇಲು ಹುಡುಕಿ ಹಿಡಿದಳು. ಸರಿಸಮ ಬಂತು, ಹೇಳಿದಳು.

"ಹಾಗಾದ್ರೆ ಕೇಳಿ. ಲೆನ್ಸ್ ಉದ್ದ ಆದಷ್ಟೂ ತಿದಿ ಎಳೀಬೇಕು. ನನ್ನ ಹತ್ರ ಮುನ್ನೂರು ಮಿಲಿಮೀಟರಿಂದು ಒಂದಿದೆ. ಹಗುರ, ಸಾಧು ಪ್ರಾಣಿ. ನಿಮ್ಮ ತಿದಿ ಕೊನೇ ಮಡಿಕೆವರೆಗೂ ಎಳೆದ್ರೆ ದೂರದ ಕಲ್ಲು ಸರಿಯಾಗಿ ಕೂರ್ತದೆ. ಇನ್ನೊಂದು ಟೆಲಿಫೋಟೋ. ಹೆಸರಿಗೆ ನಾನೂರು, ಕೇಳೋ ತಿದಿ ಮಾತ್ರ ಮುನ್ನೂರಕ್ಕಿಂತ ಕಮ್ಮಿ. ಒಳಗಡೆ ಗಾಜು ಜೋಡಿಸಿರೋದೇ ಹಾಗೆ. ಆದ್ರೆ ರುಬ್ಬುಗುಂಡಿನ ತೂಕ. ನಿಮ್ಮ ಮರದ ಕ್ಯಾಮೆರಾ ಮೂತಿ ಬಗ್ಗಿಸ್ತದೆ, ಗಾಳಿ ಬಂದ್ರೆ ನಡುಗ್ತದೆ. ಎರಡೂ ಬಸ್ಸಲ್ಲಿ ಹಾಕಿ ಕಳಿಸ್ತೀನಿ. ನೋಡಿ ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕಳಿಸಿ. ತಡ ಮಾಡ್ಬೇಡಿ, ಬೇರೆಯವರು ಕೇಳ್ತಿದಾರೆ."

ಪಾರ್ಸಲ್ ಬಂದ ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಮುನ್ನೂರರ ಲೆನ್ಸು ಹಾಕಿ, ಕರಿಬಟ್ಟೆಯೊಳಗೆ ಹೊಕ್ಕಳು. ಪಕ್ಕದ ಮನೆಯ ಮಂಚಮ್ಮ ಮೊರ ಹಿಡಿದುಕೊಂಡೇ ಬಂದು ನಿಂತಳು. ಅವಳೂ ಚನ್ನಬಸಮ್ಮನೂ ಪಣಕಹಳ್ಳಿಯಿಂದ ಈ ಊರಿಗೆ ಸೊಸೆಯರಾಗಿ ಬಂದವರು, ಕೊನೆತನಕ ಒಂದೇ ಎಲೆಯಡಿಕೆ ಚೀಲ.

"ಏನಮ್ಮಿ, ಬಿಸ್ಲಲ್ಲಿ ಕಂಬ್ಳಿ ಒದ್ಕಂಡು ನಿಂತಿದ್ದೀಯ, ಜ್ವರವಾ?"

"ಬಾ ದೊಡ್ಡವ್ವ, ನೋಡು."

ಮಂಚಮ್ಮ ಬಟ್ಟೆಯೊಳಗೆ ತಲೆ ತೂರಿಸಿ, ತೂರಿಸಿದಷ್ಟೇ ಬೇಗ ಆಚೆ ತೆಗೆದಳು. "ಅಯ್ಯೋ ಶಿವ್ನೆ! ಅಕ್ಕೇರು ತಲೆಕೆಳಗಾಗವ್ರಲ್ಲಮ್ಮಿ! ಇಷ್ಟೆಲ್ಲ ಮೈಸೂರಿಂದ ತರಿಸ್ದೋಳು, ನೆಟ್ಟಗೆ ನಿಲ್ಸೋದ್ನ ತರಿಸ್ಬಾರ್ದಿತ್ತಾ? ಮೊಬೈಲ್ನಾಗೆ ಟಪ್ ಅಂತ ಒತ್ತೋದ್ ಬುಟ್ಟು..."

ರಂಜಿತ ನಗುತ್ತ ಮತ್ತೆ ಒಳಹೊಕ್ಕಳು. ಗಾಜಿನ ಒಂದು ತುದಿಯಲ್ಲಿ ಆರು, ಇನ್ನೊಂದು ತುದಿಯಲ್ಲಿ ಒಂದು. ಚಿಕ್ಕಂದಿನಿಂದ ಕಂಡದ್ದೇ, ಇದ್ದದ್ದು ಇದ್ದಂತೆ. ಆದರೂ ಒಂಟಿ ಕಲ್ಲು ಇನ್ನೂ ಅಕ್ಕಿಕಾಳಷ್ಟೇ. ಅವಳಿಗೆ ಅದರ ಮುಖ ಬೇಕಿತ್ತು.

ದೊಡ್ಡ ಲೆನ್ಸು ಹಾಕಿದಳು. ಈಗ ಕಲ್ಲುಗಳು ಮೈದುಂಬಿ ಬಂದವು. ಬಂದದ್ದೇ ಎಡವಟ್ಟಾಯಿತು. ಆರನ್ನು ಹಿಡಿದರೆ ಒಂದು ಗಾಜಿನಾಚೆ ಹೋಗುತ್ತಿತ್ತು, ಒಂದನ್ನು ಹಿಡಿದರೆ ಆರೂ ಹೋಗುತ್ತಿದ್ದವು. ಇರಲಿ ಎಂದು ಒಂಟಿ ಕಲ್ಲೊಂದನ್ನೇ ನಡುವಿಗೆ ತಂದಳು. ನೋಡಿದಳು. ಬರೀ ಕಲ್ಲು. ಗುಡ್ಡದಲ್ಲಿ ಬಿದ್ದಿರುವ ನೂರಾರು ಕಲ್ಲಿನ ಹಾಗೆ ಇನ್ನೊಂದು ಕಲ್ಲು. ಅಕ್ಕಂದಿರೇ ಇಲ್ಲದ ಮೇಲೆ ಅದು ಯಾರ ತಂಗಿ? ಯಾರಿಂದ ಹೊರಗೆ?

ಹಿಂದಕ್ಕೆ ಸರಿದರೆ ಏಳೂ ಹಿಡಿಸಬಹುದಿತ್ತು. ಸರಿಯಲು ಜಾಗವಿರಲಿಲ್ಲ. ಬೆನ್ನಿಗೆ ಮನೆ, ಮನೆಯಾಚೆ ತಗ್ಗು, ತಗ್ಗಿಗಿಳಿದರೆ ಗುಡ್ಡವೇ ಮರೆ.

"ಇನ್ನೂ ದೂರ ಬೇಕಾ ನಿಂಗೆ?" ಮಂಚಮ್ಮ ಮೊರದ ರಾಗಿ ಕೇರುತ್ತ ಅಂದಳು. "ಎಲ್ರೂ ಅತ್ರ ಓಗಿ ನೋಡಿದ್ರೆ ನೀನು ದೂರ ಓಯ್ತೀನಂತೀಯ. ಅಂಗಾದ್ರೆ ನಮ್ಮೂರ್ಗೇ ಓಗು. ಪಣಕಳ್ಳಿ ದಿಬ್ಬದ ಮೇಲಿಂದ ಅಕ್ಕೇರ್ ಕಲ್ಲಿನ ಆಚೆ ಮೈ ಕಾಣ್ತದೆ. ನಾನೂ ನಿಮ್ಮಜ್ಜೀನೂ ಎಮ್ಮೆ ಒಡ್ಕಂಡು ಕಲ್ಲಿನ್ ತಾವ್ಕೇ ಓಯ್ತಿದ್ದೋ. ಆವಾಗ ಯಾರು ಕೇಳ್ತಿದ್ರು?"

"ಅಲ್ಲಿಂದ ಕಿರೀಳು ಕಾಣ್ತಾಳಾ ದೊಡ್ಡವ್ವ?"

"ಕಾಣ್ದೆ ಏನು? ನಮ್ಮೂರ್ ಕಡೀಕೇ ಅಲ್ವಾ ಅವ್ಳು ಒರಗಿರಾದು."

ರಂಜಿತ ತಲೆಯಾಡಿಸಿದಳು. ಹೊರಗಿರೋದು. ಯಾವ ಕಡೆಯಿಂದ ನೋಡಿದರೂ ಹೊರಗಿರೋಳು ಹೊರಗೇ.

ಭಾನುವಾರ ಹೊರಟಳು. ಮುಂಜಾವದಲ್ಲಿ ಒಂದು ಮಳೆ ಬಂದು ಹೋಗಿತ್ತು, ಗುಡ್ಡಗಳೆಲ್ಲ ಮುಖ ತೊಳೆದುಕೊಂಡು ನಿಂತಿದ್ದವು. ಕ್ಯಾಮೆರಾ, ಸ್ಟ್ಯಾಂಡು, ಎರಡೂ ಲೆನ್ಸು ಗೋಣಿಚೀಲಕ್ಕೆ ಹಾಕಿ, ನಾಯಿ ಕಾಟಕ್ಕಿರಲೆಂದು ಅಜ್ಜಿಯ ಕೋಲು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರು ಚೀಲವನ್ನು ಕಾಲಿನಿಂದ ತಟ್ಟಿ "ಕೋಳಿಯಾ?" ಎಂದ. "ಕ್ಯಾಮೆರಾ" ಎಂದರೆ ನಂಬಲಿಲ್ಲ. "ಕೂಗಿದ್ರೆ ಟಿಕೆಟ್ ಆಕ್ತೀನಿ" ಎಂದು ಹೋದ. ಆಮೇಲೆ ಇಡೀ ದಾರಿ ಅವಳೊಡನೆ ಮಾತಾಡಿದವರಿಲ್ಲ. ಪಕ್ಕದಲ್ಲಿ ಕೂತವಳು ನಿದ್ದೆ ತೂಗಿ ತೂಗಿ ಇವಳ ಭುಜಕ್ಕೆ ತಲೆ ತಾಗಿಸಿ, ಬೆಚ್ಚಿ, "ತಪ್ಪಾಯ್ತು ಕಣಮ್ಮ" ಎಂದು ನೆಟ್ಟಗೆ ಕೂತಳು. ಪರವಾಗಿಲ್ಲ ಎಂದು ಹೇಳಬೇಕೆನ್ನಿಸಿತು ರಂಜಿತಳಿಗೆ. ಆ ತೂಕ ಹಿತವಾಗಿತ್ತು. ಹೇಳುವಷ್ಟರಲ್ಲಿ ಅವಳ ಊರು ಬಂದಿತ್ತು.

ಪಣಕಹಳ್ಳಿಯ ದಿಬ್ಬ ಊರಿಂದ ಸ್ವಲ್ಪ ದೂರ. ಇತ್ತ ರಾಗಿ, ಅತ್ತ ಮುಸುಕಿನ ಜೋಳ, ನಡುವೆ ಎಮ್ಮೆಗಳು ತುಳಿದು ಮಾಡಿದ ದಾರಿ. ಮೇಲೆ ಹತ್ತಿದರೆ ಗಾಳಿ ಒಂದೇ. ಎಳೆಯ ಅಜ್ಜಿ ಇಲ್ಲೇ ಎಲ್ಲೋ ಲಂಗ ಎತ್ತಿ ಕಟ್ಟಿ, ಎಮ್ಮೆಗೆ ಬೈಯುತ್ತ ನಿಂತಿದ್ದಿರಬೇಕು. ಆ ಅಜ್ಜಿಯನ್ನು ಬಲ್ಲವರು ಈಗ ಮಂಚಮ್ಮನೊಬ್ಬಳೇ. ಅವಳಿಗೂ ಕಣ್ಣು ಮಂಜು. ರಂಜಿತ ಒಮ್ಮೆ ಸುತ್ತ ನೋಡಿದಳು. ಇಷ್ಟು ಅಗಲವಾದ ಬಯಲಲ್ಲಿ "ಇಲ್ಲಿ ಬಾ, ಇದು ನೋಡು" ಎಂದು ಕರೆಯಲು ಒಂದು ಜೀವವಿರಲಿಲ್ಲ.

ಅಕ್ಕೇರ ಕಲ್ಲು ಬರಿಗಣ್ಣಿಗೆ ದೂರದ ಬೆಟ್ಟದ ನೆತ್ತಿಯ ಮೇಲೆ ಒಂದು ಗುಡ್ಡೆ, ಅಷ್ಟೇ. ಸಾಧು ಲೆನ್ಸನ್ನು ಮೊದಲು ಹಾಕಿದಳು. ಗಾಜಿನ ಮೇಲೆ ಕಲ್ಲುಗಳು ಒಂದಕ್ಕೊಂದು ಕಲಸಿಹೋದ ಇರುವೆ ಸಾಲು. ತೆಗೆದಿಟ್ಟಳು. ಭಾರದ್ದನ್ನು ಎತ್ತಿ ಕೂರಿಸಿದಳು. ದಯಾನಂದ್ ಹೇಳಿದಂತೆಯೇ ಆಯಿತು. ಕ್ಯಾಮೆರಾದ ಮೂತಿ ಮುದುಕನ ತಲೆಯಂತೆ ಮೆಲ್ಲನೆ ಬಗ್ಗಿತು. ಎತ್ತಿ ನಿಲ್ಲಿಸಿ ಕರಿಬಟ್ಟೆಯೊಳಗೆ ಹೋಗುವಷ್ಟರಲ್ಲಿ ಮತ್ತೆ ಬಗ್ಗುತ್ತಿತ್ತು. ಗಾಳಿ ಬಂದರೆ ಬೆಟ್ಟವೇ ನಡುಗುತ್ತಿತ್ತು. ಒಬ್ಬಳೇ. ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲ. ಚಿಕ್ಕದನ್ನೇ ಇಟ್ಟುಕೊಂಡು ಹಿಂದಿರುಗುವುದೇ ಮೇಲು ಎನ್ನಿಸಿದಾಗ ಕಾಲಿಗೆ ಅಜ್ಜಿಯ ಕೋಲು ತಾಗಿತು. ಅದರ ತುದಿ ಕವೆಯಂತೆ ಒಡೆದಿತ್ತು. ಕೋಲನ್ನು ಮಣ್ಣಿಗೆ ಊರಿ, ಕವೆಯ ಮೇಲೆ ಲೆನ್ಸಿನ ಕೊರಳು ಇಟ್ಟಳು. ಮೂತಿ ನಿಂತಿತು.

ಕರಿಬಟ್ಟೆಯೊಳಗೆ ಹೋಗಿ, ಭೂತಗನ್ನಡಿಯನ್ನು ಗಾಜಿಗೆ ಒತ್ತಿ ಹಿಡಿದು, ಗಾಳಿ ಇಳಿಯುವುದನ್ನೇ ಕಾದಳು. ಇಳಿಯಿತು. ತಲೆಕೆಳಗಾದ ಆಕಾಶಕ್ಕೆ ಬೇರುಬಿಟ್ಟಂತೆ ಅಕ್ಕಂದಿರು ಒಬ್ಬೊಬ್ಬರಾಗಿ ಬಿಡಿಸಿಕೊಂಡರು. ಒಂದು, ಎರಡು, ಮೂರು. ಹಿರಿಯಳ ನೆತ್ತಿ, ಅದರ ಪಕ್ಕ ಬಿರುಕು. ನಾಲ್ಕು, ಐದು, ಆರು.

ಏಳು.

ಆರನೆಯದರ ಮಗ್ಗುಲಲ್ಲಿ, ಅಂಗಳದಿಂದ ಎಂದೂ ಕಾಣದ ಈ ಮೈಯಲ್ಲಿ, ಒಂದು ಎಳೆಯ ಬಂಡೆ ಅಕ್ಕನ ಭುಜಕ್ಕೆ ತಲೆ ಕೊಟ್ಟು ಓರೆಯಾಗಿ ಕೂತಿತ್ತು. ನಡುವೆ ಎಳೆ ಬೆಳಕೂ ತೂರದಷ್ಟು ಒತ್ತಾಗಿ.

ರಂಜಿತ ಭೂತಗನ್ನಡಿಯನ್ನು ಮೆಲ್ಲಗೆ ಜರುಗಿಸಿದಳು. ಬಹಳ ದೂರ ಜರುಗಿಸಿದ ಮೇಲೆ ಅದೂ ಸಿಕ್ಕಿತು, ಗುಡ್ಡದ ಬೆನ್ನು ಇಳಿಯುವಲ್ಲಿ ಒಂಟಿ ಕಲ್ಲು. ಎಂಟು. ಮತ್ತೆ ಮೊದಲಿಂದ ಎಣಿಸಿದಳು. ಎಂಟೇ. ಕತೆಯಲ್ಲಿ ಇದ್ದದ್ದು ಏಳು. ತಾನು ಇಷ್ಟು ವರ್ಷ ಮಾತಾಡಿಸಿದ ಕಲ್ಲು ಕತೆಯೊಳಗೇ ಇರಲಿಲ್ಲ.

ಕರಿಬಟ್ಟೆಯ ಕತ್ತಲಲ್ಲಿ, ಎಣ್ಣೆಯ ವಾಸನೆಯೊಂದಿಗೆ, ಆ ಮಾತು ತಾನಾಗಿಯೇ ಬಂತು. ಅವಳ್ಗೆ ಕಣ್ಣೆಳೀತಿತ್ತು. ಕಿರೀಳು ಒರಗವ್ಳೆ.

ಹೊರಗಿದ್ದಾಳೆ ಅಲ್ಲ. ಒರಗಿದ್ದಾಳೆ. ನಿದ್ದೆ ಬಂದ ಕೂಸು ಅಕ್ಕನಿಗೆ ಒರಗಿದೆ. ಎಮ್ಮೆ ಮೇಯಿಸಲು ಹೋದ ಹುಡುಗಿ ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಬಂದದ್ದನ್ನೇ ಹೇಳಿದ್ದಳು. ಆ ಮಾತಿನಲ್ಲಿ ಹಕಾರ ಉದುರಿರಲೇ ಇಲ್ಲ. ಇಲ್ಲದ ಹಕಾರವನ್ನು ಆಯ್ದು ತಂದು ಕೂರಿಸಿದವಳು ತಾನು, ಮೇಷ್ಟ್ರ ಜಾಣೆ.

ನೀನೂ ಅಂಗೇ ಕಣಮ್ಮಿ. ಆಗ ತನ್ನ ತಲೆ ಎಲ್ಲಿತ್ತು? ಅಜ್ಜಿಯ ತೊಡೆಯ ಮೇಲೆ. ಪ್ರತಿ ಸಲವೂ. ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಮಗುವಿಗೆ ಅಜ್ಜಿ, ನೋಡು, ನೀನೂ ಹೀಗೇ ಒರಗಿದ್ದೀಯ ಎಂದಿದ್ದಳು. ಮಗು, ನೀನು ಹೊರಗಿನವಳು ಎಂದು ಕೇಳಿಸಿಕೊಂಡಿತ್ತು. ಕೇಳಿಸಿಕೊಂಡು, ಅಳದೆ, ಅಜ್ಜಿಯನ್ನು ಒಂದು ಮಾತೂ ಕೇಳದೆ, ಅಂಗಳಕ್ಕೆ ಹೋಗಿ ಸಿಕ್ಕ ಕಲ್ಲಿನೊಡನೆ ಸಂಬಂಧ ಬೆಳೆಸಿತ್ತು.

"ಅಜ್ಜಿ" ಎಂದಳು ಬಟ್ಟೆಯೊಳಗೇ. "ಒರಗವ್ಳೆ." ಉಸಿರಿಗೆ ಮಸುಕು ಗಾಜು ಇನ್ನಷ್ಟು ಮಸುಕಾಯಿತು. ಹೌದು ಎನ್ನಬೇಕಾದವಳು ಹೊಲದ ಮೂಲೆಯಲ್ಲಿ ಬಿಲ್ವದ ಕೆಳಗೆ ಕೂತಿದ್ದಳು. ಗಾಳಿ ಮತ್ತೆ ಎದ್ದು ಜೋಳದ ಗರಿಗಳನ್ನೆಲ್ಲ ತೀಡಿಕೊಂಡು ಹೋಯಿತು.

ಗಾಜು ಒರೆಸಿಕೊಂಡು ಚೌಕಟ್ಟು ಕಟ್ಟಿದಳು. ಏಳನ್ನು ನಡುವಿಗೆ ತಂದರೆ ಒಂಟಿ ಕಲ್ಲು ಅಂಚಿನ ಹತ್ತಿರ ಉಳಿಯಿತು. ಕ್ಯಾಮೆರಾವನ್ನು ಇನ್ನೊಂದಿಷ್ಟು ತಿರುಗಿಸಿದರೆ ಅದನ್ನು ಹೊರಹಾಕಬಹುದಿತ್ತು. ಕತೆಗೂ ಅದು ಬೇಡ, ಪಟಕ್ಕೂ ಬೇಡ. ತಿರುಪಿನ ಮೇಲೆ ಬೆರಳಿಟ್ಟಳು. ಇಷ್ಟು ವರ್ಷ ತನ್ನ ಮಾತನ್ನೆಲ್ಲ ಕೇಳಿದ್ದು ಅದೇ. ಬೆರಳು ತೆಗೆದಳು. ಇರಲಿ, ಅದೂ ಇರಲಿ.

ಫಿಲಂ ಹಾಳೆ ಸೇರಿಸಿ, ಗಾಳಿ ನಿಲ್ಲುವುದನ್ನು ಕಾದು, ಕ್ಲಿಕ್ಕಿಸಿದಳು. ಆ ಹಳೆ ಫಿಲಂ ಏನು ಕೊಡುತ್ತದೋ, ತೊಳೆದ ಮೇಲೇ ಗೊತ್ತು.

ಬಸ್ಸಿಗೆ ಕಾಯುತ್ತಿದ್ದಾಗ ದಯಾನಂದರ ಫೋನ್ ಬಂತು.

"ಯಾವುದು ಇಟ್ಕೊಂಡ್ರಿ ಮೇಡಂ? ಸಣ್ಣದು ತಾನೆ? ನಾನು ಹೇಳ್ಲಿಲ್ವಾ?"

"ಇಲ್ಲ ಸಾರ್. ದೊಡ್ಡದು."

"ಅಯ್ಯೋ! ಮೂತಿ ಬಗ್ಗಲಿಲ್ವಾ?"

"ಬಗ್ತು. ಅಜ್ಜಿ ಕೋಲಿಗೆ..." ರಂಜಿತಳ ಬಾಯಲ್ಲಿ, ಇಷ್ಟು ವರ್ಷ ಕಾವಲಿಟ್ಟುಕೊಂಡು ಬಂದ ಬಾಯಲ್ಲಿ, ಅಜ್ಜಿಯ ಮಾತು ಅಜ್ಜಿಯ ಹಾಗೇ ಬಂತು. "ಕೋಲಿತ್ತು ಸಾರ್. ಲೆನ್ಸು ಒರಗದೆ."

"ಹೊರಗಿದೆಯಾ? ಏನು, ಲೆನ್ಸು ಹೊರಗೆ ಇಟ್ಟಿದ್ದೀರಾ? ಧೂಳಮ್ಮ, ಫಂಗಸ್ ಹಿಡೀತದೆ! ಮೊದಲು ಒಳಗೆ ಇಡಿ!"

ಅವಳು ಗೋಣಿಚೀಲವನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು. ನಗು ಬಂತು. ರಸ್ತೆಯುದ್ದಕ್ಕೂ ಬಸ್ಸಿನ ಸುಳಿವಿರಲಿಲ್ಲ.

"ಹೊರಗಲ್ಲ ಸಾರ್" ಎಂದಳು. "ಅದರಲ್ಲಿ ಹ ಇಲ್ಲ."